ಅಣ್ಣ ಗುಳಿಗೆ ನುಂಗಿದ ಇಪ್ಪತ್ತೆರಡು ದಿನ

ಕುಸನೂರ, ಕಲಬುರಗಿ
12 ಜೂನ್ 2024

ಅಜಿತ,

ಜೈಭೀಮ್. ಒಂಬತ್ತು ವರ್ಷದ ಮೇಲೆ ಈ ವೈನಿಯ ಕಾಗದ ಕಂಡು ನಿನಗೆ ಗಾಬರಿಯಾಗಬಹುದು. ಲಕೋಟೆಯ ಮೇಲೆ ನನ್ನ ಹೆಸರಿನ ಬದಲು ‘ಕಲರ್ ಲ್ಯಾಬ್, ಕಲಬುರಗಿ’ ಎಂದು ಬರೆದದ್ದು ಬೇಕೆಂದೇ. ನಿನ್ನ ಫೋಟೊ ಸ್ಟುಡಿಯೋಕ್ಕೆ ಅಂಥ ಲಕೋಟೆ ಬಂದರೆ ಯಾರೂ ಕೈಗೆತ್ತಿಕೊಂಡು ನೋಡುವುದಿಲ್ಲ. ಅಂಗಡಿಯ ಫೋನು ನಿನ್ನ ಹೆಂಡತಿ ಪಂಚಶೀಲಾಳ ಕೈಯಲ್ಲೇ ಇರುತ್ತದೆ ಎಂದು ಕೇಳಿದ್ದೇನೆ. ಅದಕ್ಕೇ ಫೋನು ಮಾಡಲಿಲ್ಲ.

ಸೋಮವಾರ ಸರ್ಕಾರಿ ದವಾಖಾನೆಯಲ್ಲಿ, ಎಚ್‌ಐವಿ ಗುಳಿಗೆ ಕೊಡುವ ಸೆಂಟರಿನ ಮುಂದೆ, ಬೆಂಚಿನ ತುದಿಯಲ್ಲಿ ಕೂತಿದ್ದವನು ನೀನು. ಮಾಸ್ಕ್ ಹಾಕಿದ್ದರೂ ನನ್ನ ಗಂಡ ಆನಂದಕುಮಾರರ ತಮ್ಮನ ಹಣೆ ನನಗೆ ಗುರುತು ಸಿಗದೇ ಇರುತ್ತದೆಯೇ? ನಾನು ನನ್ನ ಗುಳಿಗೆ ಒಯ್ಯಲು ಬಂದಿದ್ದೆ. ನನ್ನನ್ನು ಕಂಡದ್ದೇ ನೀನು ಎದ್ದು, ಒಳಗಿನಿಂದ ನಿನ್ನ ನಂಬರು ಕೂಗುತ್ತಿದ್ದರೂ ಮೆಟ್ಟಿಲು ಇಳಿದು ಹೋದೆ.

ಎಲ್ಲಿಂದ ಬಂತು ಎಂದು ಕೇಳುವುದಿಲ್ಲ. ನನ್ನನ್ನು ಹಾಗೆ ಕೇಳಿದವರ ಮುಖ ಇನ್ನೂ ನೆನಪಿದೆ. ಮರಳಿ ಹೋಗು, ಗುಳಿಗೆ ಶುರು ಮಾಡು. ದಿನಕ್ಕೆ ಒಂದೇ. ನಾನು ಇಲ್ಲಿ ಹುಡುಗಿಯರ ಹಾಸ್ಟೆಲಿನಲ್ಲಿ ಅಡುಗೆಯವಳು. ದಿನಾ ಇನ್ನೂರರ ಹತ್ತಿರ ರೊಟ್ಟಿ ಬಡಿಯುತ್ತೇನೆ. ಒಂಬತ್ತು ವರ್ಷ ಗುಳಿಗೆ ನುಂಗಿದವಳು ಹೀಗಿರುತ್ತಾಳೆ.

ಯಾರಿಗೂ ಹೇಳಿಲ್ಲ. ಹೇಳುವುದೂ ಇಲ್ಲ.

ಸುಮಂಗಲಾ


ಕಮಲಾಪುರ
20 ಜೂನ್ 2024

ಸುಮಂಗಲಾ ಅವರಿಗೆ,

ನೀವು ನೋಡಿದ್ದು ನನ್ನನ್ನಲ್ಲ. ಅಂದರೆ ನಾನೇ, ಆದರೆ ನಾನು ಬಂದದ್ದು ದವಾಖಾನೆಯ ಒಬ್ಬ ಗಿರಾಕಿಗೆ ಮದುವೆಯ ಆಲ್ಬಮ್ ಕೊಡಲು. ಬಿಸಿಲಿಗೆ ಸುಸ್ತಾಗಿ ಸಿಕ್ಕ ಬೆಂಚಿನ ಮೇಲೆ ಕೂತೆ. ಅದು ಯಾವ ಸೆಂಟರು ಎಂದು ನನಗೆ ಗೊತ್ತಿರಲಿಲ್ಲ.

ಒಂಬತ್ತು ವರ್ಷ ಸುಮ್ಮನಿದ್ದವರಿಗೆ ಈಗ ನನ್ನ ಆರೋಗ್ಯದ ಚಿಂತೆ ಯಾಕೆ? ಅಂಗಡಿಯ ಫೋನು ಯಾರ ಕೈಯಲ್ಲಿರುತ್ತದೆ ಎಂದು ನಿಮಗೆ ಹೇಳಿದವರು ಯಾರು? ನಮ್ಮ ಓಣಿಯಲ್ಲಿ ನಿಮ್ಮ ಕಡೆಯವರು ಯಾರಿದ್ದಾರೆ? ಒಬ್ಬರನ್ನು ಕರೆತಂದರೆ ಸೆಂಟರಿನವರು ನಿಮಗೆ ಏನಾದರೂ ಕೊಡುತ್ತಾರಾ? ಇಲ್ಲ, ಮನೆಯಲ್ಲಿ ಅಣ್ಣನ ಪಾಲು ಕೇಳಲು ಇದು ದಾರಿಯೋ?

ಅವ್ವ ಇವತ್ತಿಗೂ ನಿಮ್ಮ ಹೆಸರು ಕಿವಿಗೆ ಬಿದ್ದರೆ ಊಟ ಬಿಟ್ಟು ಏಳುತ್ತಾಳೆ. ತನ್ನ ಮಗನಿಗೆ ರೋಗ ತಂದವರು ನೀವೇ ಎನ್ನುತ್ತಾಳೆ. ನಾನು ಏನು ಅನ್ನುತ್ತೇನೆ ಎಂಬುದು ನಿಮಗೆ ಬೇಡ. ಇನ್ನು ಕಾಗದ ಹಾಕಬೇಡಿ.

ಅಜಿತ ಮಹಾದೇವಪ್ಪ


ಕುಸನೂರ
28 ಜೂನ್ 2024

ಅಜಿತ,

ಆಲ್ಬಮ್ ಕೊಡಲು ಬಂದವನ ಕೈಯಲ್ಲಿ ಆಲ್ಬಮ್ ಇರಲಿಲ್ಲ, ರಕ್ತದ ಚೀಟಿ ಇತ್ತು.

ಓಣಿಯಲ್ಲಿ ನನ್ನ ಕಡೆಯವರು ಯಾರೂ ಇಲ್ಲ. ಇದ್ದಿದ್ದರೆ ನಿಮ್ಮ ಅವ್ವ ನನ್ನ ಟ್ರಂಕು ಹೊರಗಿಟ್ಟ ದಿನ ಒಬ್ಬರಾದರೂ ಬಾಗಿಲು ತೆರೆಯುತ್ತಿದ್ದರು. ನಿಮ್ಮ ಪಕ್ಕದ ಕಿರಾಣಿ ಅಂಗಡಿಯ ಇಕ್ಬಾಲ್ ಬೇಗಂ ಅವರ ಮಗಳು ನಮ್ಮ ಹಾಸ್ಟೆಲಿನಲ್ಲಿದ್ದಾಳೆ. ‘ನಮ್ಮ ಬಾಜೂಕಿನ ಸ್ಟುಡಿಯೋದಾಗ ಅಕ್ಕಾರೇ ಫೋನಿನಾಗ ಫೋಟೊ ತಗೊಂಡು ಪ್ರಿಂಟ್ ಹಾಕ್ತಾರ್ರೀ’ ಎಂದು ಅವಳು ಒಮ್ಮೆ ಹೇಳಿದ ಮಾತು ಅದು. ಪಾಲೂ ಬೇಡ. ಬೇಕಿದ್ದರೆ ಆಗಲೇ ಕೇಳುತ್ತಿದ್ದೆ.

ನಿನ್ನ ಅನುಮಾನ ನನಗೆ ಹೊಸದಲ್ಲ. ನಾನೂ ಆ ಗುಳಿಗೆಯನ್ನು ನಂಬಿರಲಿಲ್ಲ. ನಮ್ಮಂಥವರನ್ನು ಬೇಗ ಮುಗಿಸಲು ಸರ್ಕಾರ ಕೊಡುವ ವಿಷ ಎಂದುಕೊಂಡು ಮೂರು ದಿನ ಬಚ್ಚಲಿಗೆ ಚೆಲ್ಲಿದೆ. ನಾಲ್ಕನೆಯ ದಿನ, ಅದೇ ಸೆಂಟರಿಗೆ ಬರುತ್ತಿದ್ದ ವಿಮಲಾಬಾಯಿ ಎಂಬಾಕೆ ನನ್ನ ಎದುರಿಗೇ ಕೂತಳು. ‘ನಾ ಆರು ವರ್ಷದಿಂದ ನುಂಗಾಕತ್ತೀನಿ. ಸತ್ತೀನೇನು? ಬಾಯಿ ತೆಗಿ’ ಅಂದಳು. ತೆಗೆದೆ. ಹದಿನೈದು ದಿನ ತಲೆ ತಿರುಗಿತು, ಕೆಟ್ಟ ಕನಸು ಬಿತ್ತು. ಆಮೇಲೆ ಇಲ್ಲ. ಈಗಿನ ಗುಳಿಗೆ ಅಷ್ಟು ಕೂಡ ಕಾಡುವುದಿಲ್ಲವಂತೆ.

ಪಂಚಶೀಲಾಳಿಗೆ ಹೇಳಿದೆಯಾ? ಅವಳ ರಕ್ತವನ್ನೂ ನೋಡಿಸಬೇಕು.

ಸುಮಂಗಲಾ


ಕಮಲಾಪುರ
9 ಜುಲೈ 2024

ಸುಮಂಗಲಾ ಅವರಿಗೆ,

ಸರಿ. ಒಪ್ಪುತ್ತೇನೆ. ಏಪ್ರಿಲ್ ಹದಿನಾಲ್ಕರ ಜಯಂತಿಗೆ ಇಲ್ಲಿ ರಕ್ತದಾನ ಶಿಬಿರವಿತ್ತು. ಪ್ರತಿವರ್ಷದಂತೆ ಕೊಟ್ಟೆ. ತಿಂಗಳ ಮೇಲೆ ಫೋನು ಬಂತು, ಬಂದು ಮತ್ತೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ ಎಂದರು. ಎರಡು ಸಲ ಮಾಡಿಸಿದೆ. ಎರಡೂ ಸಲ ಅದೇ ಬಂತು.

ಆದರೆ ನಾನು ಗಟ್ಟಿಯಾಗಿದ್ದೇನೆ. ಎಪ್ಪತ್ತೆರಡು ಕಿಲೋ ಇದ್ದೇನೆ. ಜ್ವರವಿಲ್ಲ, ಕೆಮ್ಮಿಲ್ಲ. ಮದುವೆಯ ಸೀಸನ್ನಿನಲ್ಲಿ ಹೆಗಲ ಮೇಲೆ ಕ್ಯಾಮೆರಾ ಹೊತ್ತು ಹಗಲೆಲ್ಲ ನಿಲ್ಲುತ್ತೇನೆ. ಆರಾಮ ಇರುವ ಮನುಷ್ಯ ಗುಳಿಗೆ ಯಾಕೆ ನುಂಗಬೇಕು?

ನೀವು ವಿಮಲಾಬಾಯಿಯ ಕಥೆ ಬರೆದಿರಿ. ಅಣ್ಣನ ಕಥೆ ಯಾಕೆ ಬರೆಯಲಿಲ್ಲ? ಅಣ್ಣ ನಂದೂರಿನ ದಾಲ್ ಮಿಲ್ಲಿನಲ್ಲಿ ಮೂಟೆ ಹೊರುತ್ತಿದ್ದವನು. ಸ್ವಲ್ಪ ಸೊರಗಿದ್ದ, ಅಷ್ಟೇ. ದವಾಖಾನೆಗೆ ಹಾಕಿದರು, ಗುಳಿಗೆ ಶುರು ಮಾಡಿದರು. ಇಪ್ಪತ್ತೆರಡನೆಯ ದಿನ ಹೋದ. ಅವನಿಗೆ ಹೆಗಲು ಕೊಟ್ಟವನು ನಾನು. ಅದೇ ರೋಗ, ಅದೇ ಗುಳಿಗೆ. ನೀವು ಬದುಕಿದಿರಿ, ಅವನು ಸತ್ತ. ಇದು ಹೇಗೆ? ‘ಗುಳಿಗಿನೇ ಅವನ್ನ ತಿಂತು’ ಎಂದು ಅವ್ವ ಹೇಳಿದಾಗ ಅದು ಸುಳ್ಳು ಎಂದು ನಾನು ಯಾವ ಬಾಯಿಂದ ಹೇಳಲಿ?

ಪಂಚಶೀಲಾಳ ಹೆಸರನ್ನು ನೀವು ಎತ್ತಬೇಡಿ. ಅದು ನನ್ನ ಮನೆಯ ಮಾತು.

ಅಜಿತ


ಕುಸನೂರ
17 ಜುಲೈ 2024

ಅಜಿತ,

ಕೇಳಿದ್ದು ಒಳ್ಳೆಯದಾಯಿತು. ನಿನ್ನ ಅಣ್ಣ ಗುಳಿಗೆಯಿಂದ ಸಾಯಲಿಲ್ಲ. ತಡವಾಗಿ ಶುರು ಮಾಡಿದ್ದರಿಂದ ಸತ್ತರು. ಅಷ್ಟರಲ್ಲಿ ಮೈಯೊಳಗಿನ ಬಲವೆಲ್ಲ ಖಾಲಿಯಾಗಿತ್ತು, ಟಿಬಿ ಮಿದುಳಿಗೆ ಹತ್ತಿತ್ತು. ಇಪ್ಪತ್ತೆರಡು ದಿನದಲ್ಲಿ ಯಾವ ಗುಳಿಗೆ ಏನು ಮಾಡೀತು? ಈಗ ಡಾಕ್ಟರುಗಳು ಗಟ್ಟಿ ಇರುವಾಗಲೇ ಶುರು ಮಾಡಿ ಎನ್ನುತ್ತಾರೆ. ನೀನು ಗಟ್ಟಿಯಾಗಿದ್ದೀಯ ಎಂಬುದೇ ಶುರು ಮಾಡಲು ಕಾರಣ.

ಯಾಕೆ ತಡವಾಯಿತು ಎಂದು ಕೇಳಬೇಡ. ಅದಕ್ಕಿಂತ ಹೆಚ್ಚು ಹೇಳಲಾರೆ.

ಮನೆಯ ಮಾತು ಎಂದೆ. ನಾನೂ ಒಂದು ಕಾಲಕ್ಕೆ ಒಬ್ಬ ಗಂಡನ ಮನೆಯ ಮಾತಾಗಿದ್ದೆ. ಯಾರೂ ನನಗೆ ಹೇಳಲಿಲ್ಲ. ಪಂಚಶೀಲಾಳಿಗೆ ಹಾಗೆ ಮಾಡಬೇಡ.

ಆಗಸ್ಟ್ ಐದರ ಸೋಮವಾರ ನನ್ನ ಗುಳಿಗೆಯ ದಿನ. ಅವತ್ತಿನವರೆಗೆ ಕಾಯುತ್ತೇನೆ.

ಸುಮಂಗಲಾ


ಕಮಲಾಪುರ
24 ಜುಲೈ 2024

ಕಾಯುತ್ತೀರಾ? ಐದನೆಯ ತಾರೀಖು ದಾಟಿದರೆ ಏನು ಮಾಡುತ್ತೀರಿ? ಪಂಚಶೀಲಾಳಿಗೆ ಹೇಳುತ್ತೀರಾ? ನೇರವಾಗಿ ಬರೆಯಿರಿ, ಬೆದರಿಕೆಗೆ ತಾರೀಖು ಹಾಕಿದ ಮೇಲೆ ಮುಚ್ಚುಮರೆ ಯಾಕೆ?

ಒಬ್ಬರ ರೋಗವನ್ನು ಇನ್ನೊಬ್ಬರಿಗೆ ಹೇಳಿದರೆ ಶಿಕ್ಷೆಯಾಗುತ್ತದೆ. ಅದಕ್ಕೆ ಕಾನೂನು ಇದೆ. ನನ್ನ ಹೆಂಡತಿಯ ಹತ್ತಿರ ಸುಳಿದರೆ ನಾನು ಸುಮ್ಮನಿರುವುದಿಲ್ಲ. ‘ಹೆಚ್ಚು ಹೇಳಲಾರೆ’ ಎಂದು ಬರೆದಿರಿ. ಸತ್ತವನ ವಿಷಯದಲ್ಲಿ ಮುಚ್ಚಿಡುವುದು ಯಾರು? ತಪ್ಪು ಮಾಡಿದವರೇ ತಾನೇ?

ಅಜಿತ


ಕಮಲಾಪುರ
19 ಆಗಸ್ಟ್ 2024

ಸುಮಂಗಲಾ ಅವರಿಗೆ,

ನನ್ನ ಕಾಗದಕ್ಕೆ ನೀವು ಉತ್ತರ ಬರೆಯಲಿಲ್ಲ. ಐದನೆಯ ತಾರೀಖು ಹೋಯಿತು, ಹತ್ತು ಹೋಯಿತು. ದಿನಾ ಪೋಸ್ಟಿನವನ ಸೈಕಲ್ಲು ಕಂಡರೆ ಎದ್ದು ನಿಲ್ಲುತ್ತಿದ್ದೆ. ಏನೂ ಬರಲಿಲ್ಲ. ಇನ್ನು ನನಗೆ ಬರೆದು ಉಪಯೋಗವಿಲ್ಲ ಎಂದು ನೀವು ನೇರ ಅವಳಿಗೇ ಹೇಳಿದ್ದೀರಿ ಎಂದುಕೊಂಡೆ.

ಹಾಗೆ ನೋಡಲು ಶುರು ಮಾಡಿದ ಮೇಲೆ ಎಲ್ಲವೂ ಹಾಗೇ ಕಂಡಿತು. ಪಂಚಶೀಲಾ ಸುಮ್ಮನಿದ್ದರೆ ಯಾಕೆ ಸುಮ್ಮನಿದ್ದಾಳೆ, ನಕ್ಕರೆ ಯಾಕೆ ನಕ್ಕಳು. ಹದಿನೈದರಂದು ಮಗಳನ್ನು ಧ್ವಜಾರೋಹಣಕ್ಕೆ ಬಿಟ್ಟು ಬಂದೆವು. ಅಂಗಡಿಯಲ್ಲಿ ಅವಳಿಗೆ ಕಲಬುರಗಿಯ ಯಾವುದೋ ನಂಬರಿನಿಂದ ಫೋನು ಬಂತು. ನನ್ನನ್ನು ನೋಡಿ ಹೊರಗೆ ಹೋಗಿ ಮಾತಾಡಿದಳು. ಒಳಗೆ ಬಂದದ್ದೇ ನಾನು ಕೂಗಿದೆ.

‘ಆ ಸುಮಂಗಲಾ ನಿನಗ ಏನ ಹೇಳ್ಯಾಳ?’

‘ಯಾವ ಸುಮಂಗಲಾ? ನಿಮ್ಮ ವೈನಿಯೇನು? ಆಕಿ ಯಾಕ ನನಗ ಫೋನ್ ಮಾಡ್ತಾಳ? ಜೇವರ್ಗಿ ಕಾಲೋನಿ ಟ್ಯೂಷನ್ನಿನವರು ಮಾಡಿದ್ರು. ಮಗಳನ್ನ ನಮ್ಮ ಅಣ್ಣನ ಮನ್ಯಾಗ ಇಟ್ಟು ಓದಿಸೋಣು ಅಂತ ಕೇಳಿದ್ದೆ. ನೀವು ಬ್ಯಾಡ ಅಂತೀರಂತ ಹೇಳಿರಲಿಲ್ಲ.’

ನಾನು ಒರೆಸುವ ನೆಪದಲ್ಲಿ ಕ್ಯಾಮೆರಾ ಎತ್ತಿಕೊಂಡೆ. ಅವಳು ಬಿಡಲಿಲ್ಲ. ಕ್ಯಾಮೆರಾ ನನ್ನ ಕೈಯಿಂದ ತೆಗೆದು ಕೆಳಗಿಟ್ಟಳು.

‘ಆಕಿ ನನಗ ಏನ ಹೇಳಬೇಕಿತ್ತು? ಅದನ್ನ ನೀವೇ ಹೇಳ್ರಿ.’

ಹೇಳಿದೆ. ನೀವು ಹೇಳಿರಲಿಲ್ಲ, ನಾನೇ ಹೇಳಿದೆ. ಹೋದ ವರ್ಷ ಮದುವೆಯ ವಿಡಿಯೊ ತೆಗೆಯಲು ಸೊಲ್ಲಾಪುರಕ್ಕೆ ಹೋದಾಗ ಮಾಡಿದ ತಪ್ಪನ್ನೂ ಹೇಳಿದೆ. ಅವಳು ಅಳಲಿಲ್ಲ. ‘ಮೇ ತಿಂಗಳಿಂದ ಗೊತ್ತದ ನಿಮಗ’ ಎಂದು ಬೆರಳು ಮಡಿಚಿದಳು. ಮೇ, ಜೂನ್, ಜುಲೈ. ‘ಮೂರು ತಿಂಗಳು ನನ್ನ ಬಾಜೂಕ ಮಲಗೀರಿ.’ ಸಂಜೆಯ ಬಸ್ಸಿಗೆ ಮಗಳನ್ನು ಕರೆದುಕೊಂಡು ತನ್ನ ಅಣ್ಣನ ಮನೆಗೆ ಹೋದಳು. ಮರುದಿನವೇ ಪರೀಕ್ಷೆ ಮಾಡಿಸಿಕೊಂಡಿದ್ದಾಳೆ. ಅವಳಿಗೆ ಇಲ್ಲ. ಮೂರು ತಿಂಗಳ ಮೇಲೆ ಮತ್ತೊಮ್ಮೆ ನೋಡಬೇಕಂತೆ. ಅವಳ ಅಣ್ಣ ಎರಡು ಮಾತಿನಲ್ಲಿ ಹೇಳಿ ಫೋನಿಟ್ಟ.

ಅವ್ವನಿಗೆ ಏನೂ ಗೊತ್ತಿಲ್ಲ. ಸೊಸೆ ಮಗಳ ಟ್ಯೂಷನ್ನಿಗೆ ಹೋಗಿದ್ದಾಳೆ ಎಂದಿದ್ದೇನೆ.

ಇಷ್ಟಾದರೂ ನಾನು ಸೆಂಟರಿಗೆ ಹೋಗಿಲ್ಲ. ಎರಡು ಸಲ ಬಸ್ಸು ಹತ್ತಿ ಮಹಾಗಾಂವ ಕ್ರಾಸಿನಲ್ಲಿ ಇಳಿದು ಮರಳಿ ಬಂದೆ. ಕಣ್ಣು ಮುಚ್ಚಿದರೆ ಅಣ್ಣನ ಇಪ್ಪತ್ತೆರಡು ದಿನ. ನೀವು ಏನೋ ಮುಚ್ಚಿಟ್ಟಿದ್ದೀರಿ. ಅದು ಏನು ಎಂದು ತಿಳಿಯದೆ ನಾನು ಆ ಗುಳಿಗೆಯನ್ನು ಬಾಯಿಗಿಡಲಾರೆ.

ಮತ್ತೆ, ನೀವು ಯಾಕೆ ಉತ್ತರ ಬರೆಯಲಿಲ್ಲ?

ಅಜಿತ


ಕುಸನೂರ
30 ಆಗಸ್ಟ್ 2024

ಅಜಿತ,

ಅಕ್ಷರ ನೋಡಿ ಬೇರೆ ಯಾರೋ ಬರೆದಿದ್ದಾರೆ ಎಂದುಕೊಳ್ಳಬೇಡ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಜುಲೈ ಕೊನೆಗೆ ಅಡುಗೆಮನೆಯಲ್ಲಿ ಜಾರಿ ಬಿದ್ದೆ, ಬಲಗೈ ಮಣಿಕಟ್ಟು ಮುರಿಯಿತು. ನಿನ್ನ ಕಾಗದಕ್ಕೆ ಉತ್ತರವನ್ನು ಹಾಸ್ಟೆಲಿನ ಹುಡುಗಿಯರ ಕೈಯಲ್ಲಿ ಬರೆಸಲು ಆಗುತ್ತಿತ್ತೇ? ಐದನೆಯ ತಾರೀಖಿನವರೆಗೆ ಕಾಯುತ್ತೇನೆ ಎಂದದ್ದು ಆ ಬೆಂಚಿನ ಮೇಲೆ, ನಿನಗಾಗಿ. ಕೈಗೆ ಪಟ್ಟಿ ಕಟ್ಟಿಕೊಂಡು ಮಧ್ಯಾಹ್ನ ಹನ್ನೆರಡರವರೆಗೆ ಕೂತಿದ್ದೆ. ನೀನು ಅದನ್ನು ಬೆದರಿಕೆ ಎಂದು ಓದಿದೆ.

ಪಂಚಶೀಲಾಳಿಗೆ ಇಲ್ಲ ಎಂಬ ಸಾಲನ್ನು ಎರಡು ಸಲ ಓದಿದೆ.

ಇನ್ನು ನೀನು ಕೇಳಿದ್ದು. ನಿನ್ನ ಅಣ್ಣನಿಗೆ ತನ್ನ ರೋಗ ಸಾಯುವ ಎರಡು ವರ್ಷ ಮೊದಲೇ ಗೊತ್ತಿತ್ತು. 2013ರ ಮಾರ್ಚಿನಲ್ಲಿ ಸೆಂಟರಿಗೆ ಹೋಗಿ ಹೆಸರು ಬರೆಸಿದ್ದರು. ಕೂಡಲೇ ಗುಳಿಗೆ ಶುರು ಮಾಡಬೇಕು ಎಂದು ಡಾಕ್ಟರು ಬರೆದುಕೊಟ್ಟಿದ್ದರು. ಆಮೇಲೆ ಅವರು ಆ ಕಡೆ ಹೋಗಲೇ ಇಲ್ಲ. ನನಗೆ ಹೇಳಿದ್ದು 2015ರಲ್ಲಿ, ವಾರ್ಡಿನಲ್ಲಿ, ಮಾತು ತೊದಲುತ್ತಿದ್ದಾಗ. ‘ನಾ ತಿಳದೂ ಸುಮ್ಮಿದ್ದೆ ಅಂತ ಯಾರಿಗೂ ಹೇಳಬ್ಯಾಡ. ಅವ್ವಗಂತೂ ಹೇಳಲೇಬ್ಯಾಡ’ ಎಂದು ನನ್ನ ಕೈ ತಮ್ಮ ತಲೆಯ ಮೇಲೆ ಇಟ್ಟುಕೊಂಡರು. ಮಾತು ಕೊಟ್ಟೆ. ನಿಮ್ಮ ಅವ್ವ ಓಣಿಯ ನಡುವೆ ನಿಂತು ನಾನೇ ರೋಗ ತಂದವಳು ಎಂದಾಗಲೂ ಬಾಯಿ ತೆರೆಯಲಿಲ್ಲ.

ಇವತ್ತು ಆ ಮಾತು ಮುರಿದಿದ್ದೇನೆ. ಸತ್ತವರ ಮಾನಕ್ಕಾಗಿ ಇನ್ನೊಬ್ಬ ಸಾಯುವುದು ಬೇಡ. ಅವರು ಬೈಕಿನ ಸೀಟಿನ ಕೆಳಗೆ ಅಡಗಿಸಿಟ್ಟಿದ್ದ ಸೆಂಟರಿನ ಪುಸ್ತಕದ ಮೊದಲ ಹಾಳೆ ಇದರೊಳಗಿದೆ. ತಾರೀಖು ನೋಡು. ನನ್ನನ್ನು ನಂಬಬೇಡ, ಹಾಳೆ ನೋಡು.

ಸುಮಂಗಲಾ


ಕಮಲಾಪುರ
8 ಸೆಪ್ಟೆಂಬರ್ 2024

ವೈನಿ,

ತಾರೀಖು ನೋಡುವ ಮೊದಲು ಹಾಳೆಗೆ ಅಂಟಿಸಿದ್ದ ಅಣ್ಣನ ಫೋಟೊ ನೋಡಿದೆ. ತಾರೀಖನ್ನು ಯಾರಾದರೂ ತಿದ್ದಬಹುದು ಎಂದು ಕಣ್ಣಿಗೆ ಭೂತಗನ್ನಡಿ ಹಚ್ಚಿಕೊಂಡೇ ಕೂತಿದ್ದೆ. ಫೋಟೊ ಕಂಡ ಮೇಲೆ ಅದರ ಕೆಲಸ ಬೀಳಲಿಲ್ಲ.

ಆ ಫೋಟೊ ತೆಗೆದವನು ನಾನು. ಸ್ಟುಡಿಯೋ ತೆರೆದ ವಾರ ಅದು, 2013ರ ಮಾರ್ಚ್. ಹಿಂದಿನ ನೀಲಿ ಪರದೆಯ ಮಡಿಕೆ ಇನ್ನೂ ಹೋಗಿಲ್ಲ, ಅಣ್ಣನ ಎಡಭುಜದ ಮೇಲೆ ಗೆರೆಯ ಹಾಗೆ ಕಾಣುತ್ತದೆ. ಮಿಲ್ಲಿನಿಂದ ನೇರ ಬಂದಿದ್ದ, ಅಂಗಿಯ ತುಂಬಾ ತೊಗರಿಯ ಧೂಳು. ನನ್ನ ಅಂಗಿ ಬಿಚ್ಚಿ ಕೊಟ್ಟು ನಾನು ಬನಿಯನ್ನಿನಲ್ಲಿ ನಿಂತು ಫೋಟೊ ತೆಗೆದೆ. ‘ಯಾತಕ್ಕಣ್ಣಾ?’ ಎಂದು ಕೇಳಿದೆ. ‘ಬ್ಯಾಂಕಿನಾಗ ಕೇಳ್ಯಾರ’ ಅಂದ. ‘ನೆಟ್ಟಗ ನೋಡು’ ಎಂದು ಮೂರು ಸಲ ಗದರಿಸಿದೆ. ಅವನು ಕ್ಯಾಮೆರಾ ಬಿಟ್ಟು ನನ್ನನ್ನೇ ನೋಡುತ್ತಿದ್ದ. ಹೇಳಲು ಬಂದಿದ್ದನೇನೋ. ನನಗೆ ಹೊಸ ಕ್ಯಾಮೆರಾದ ಹುಚ್ಚು.

ಎರಡು ವರ್ಷ ಎರಡು ತಿಂಗಳು. ಅಷ್ಟು ದಿನ ಗುಳಿಗೆ ಇಲ್ಲದೆ ಇದ್ದ. ನಾನು ಕೊನೆಯ ಇಪ್ಪತ್ತೆರಡು ದಿನವನ್ನಷ್ಟೇ ಎಣಿಸಿಕೊಂಡು ಕೂತಿದ್ದೆ.

ನಿಮ್ಮನ್ನು ಅಂದ ಮಾತುಗಳನ್ನು ಹೇಗೆ ಹಿಂದೆ ತೆಗೆದುಕೊಳ್ಳಲಿ? ಹದಿನಾರರ ಸೋಮವಾರ ಬರುತ್ತೇನೆ. ಈ ಸಲ ನಡುವೆ ಇಳಿಯುವುದಿಲ್ಲ. ಇಳಿಯುತ್ತೇನೆ ಎಂಬ ಅನುಮಾನ ನನಗೇ ಇದೆ. ಆದ್ದರಿಂದ ನೀವು ಬಸ್ ಸ್ಟ್ಯಾಂಡಿಗೇ ಬನ್ನಿ.

ಅಜಿತ


ಕಮಲಾಪುರ
23 ಮಾರ್ಚ್ 2025

ವೈನಿ,

ಜೈಭೀಮ್. ಸೆಂಟರಿನಲ್ಲಿ ಭೇಟಿಯಾದಾಗ ಹೇಳಲು ಆಗದ್ದನ್ನು ಬರೆಯುತ್ತೇನೆ. ಅಲ್ಲಿ ಸುತ್ತ ಜನ.

ಆರು ತಿಂಗಳ ರಕ್ತದ ರಿಪೋರ್ಟು ಬಂತು. ವೈರಸ್ಸು ಲೆಕ್ಕಕ್ಕೇ ಸಿಗುತ್ತಿಲ್ಲ. ಹೀಗೇ ಗುಳಿಗೆ ತಪ್ಪದೆ ನಡೆದರೆ ಹೆಂಡತಿಗೆ ನನ್ನಿಂದ ಹತ್ತುವುದಿಲ್ಲ ಎಂದು ಡಾಕ್ಟರು ಅವಳ ಮುಂದೆಯೇ ಹೇಳಿದರು. ಪಂಚಶೀಲಾಳ ಎರಡನೆಯ ಪರೀಕ್ಷೆಯಲ್ಲೂ ಇಲ್ಲ ಎಂದೇ ಬಂದಿದೆ. ಜನವರಿಯಲ್ಲಿ ಅವಳು ಮನೆಗೆ ಬಂದಳು. ನನ್ನನ್ನು ನಂಬಿ ಬಂದದ್ದಲ್ಲ. ಗುಳಿಗೆಯ ಡಬ್ಬಿ ಅವಳ ಹತ್ತಿರವೇ ಇದೆ. ಊಟವಾದ ಮೇಲೆ ಒಂದು ಕೈಗೆ ಹಾಕಿ, ನುಂಗುವವರೆಗೆ ನೋಡಿ, ‘ನಾಲಿಗಿ ಎತ್ತ್ರಿ’ ಅನ್ನುತ್ತಾಳೆ. ಎತ್ತುತ್ತೇನೆ. ಎಷ್ಟು ದಿನ ಹೀಗೆ ಎಂದು ಕೇಳಿದ್ದಕ್ಕೆ ‘ನನಗ ಬ್ಯಾಸರ ಆಗೂತನ’ ಅಂದಳು.

ಅವಳೇ ಹಟ ಹಿಡಿದದ್ದಕ್ಕೆ ಅವ್ವನಿಗೂ ಎಲ್ಲ ಹೇಳಿದೆ. ಅಣ್ಣನ ಪುಸ್ತಕದ ಹಾಳೆ ತೋರಿಸಿದೆ. ಅವ್ವ ಅಳುತ್ತಾಳೆ, ನಿಮಗೆ ಬೈಯುತ್ತಾಳೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ‘ಇದನ್ನ ಆಕಿ ಇಷ್ಟು ದಿನ ಎಲ್ಲಿಟ್ಟಿದ್ಲು?’ ಎಂದಷ್ಟೇ ಕೇಳಿದಳು. ಆಮೇಲಿಂದ ಮಾತು ಕಡಿಮೆ. ನಿಮ್ಮ ಹಾಸ್ಟೆಲು ಎಲ್ಲಿ ಬರುತ್ತದೆ ಎಂದು ಪಂಚಶೀಲಾಳನ್ನು ಕೇಳಿದ್ದಾಳಂತೆ. ನನಗೆ ಯಾಕೋ ಸರಿ ಅನಿಸುತ್ತಿಲ್ಲ. ಜಗಳಕ್ಕೆ ಬಂದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಅಜಿತ


ಕುಸನೂರ
2 ಏಪ್ರಿಲ್ 2025

ಅಜಿತ,

ನಿಮ್ಮ ಅವ್ವ ಇವತ್ತು ಬಂದಿದ್ದರು. ಒಬ್ಬರೇ. ಮಧ್ಯಾಹ್ನದ ಅಡುಗೆ ಮುಗಿಸಿ ಪಾತ್ರೆ ತಿಕ್ಕುತ್ತಿದ್ದೆ. ಹಾಸ್ಟೆಲಿನ ಗೇಟಿನ ಹತ್ತಿರ, ಬೇವಿನ ಗಿಡದ ಕೆಳಗೆ ಕೂತಿದ್ದರು. ಹೇಗಿದ್ದೀ ಎಂದು ಕೇಳಲಿಲ್ಲ.

‘ಆನಂದ ನಿನ್ನ ಕಡಿಂದ ಮಾತ ತಗೊಂಡಿದ್ದನೇನು?’

‘ಹೌದ್ರಿ. ಅವ್ವಗ ಹೇಳಬ್ಯಾಡ ಅಂದಿದ್ರು.’

‘ನನಗ ಗೊತ್ತಿತ್ತು.’

ನನಗೆ ಮೊದಲು ಅರ್ಥವಾಗಲಿಲ್ಲ. ಮಾತು ಕೊಟ್ಟದ್ದು ಗೊತ್ತಿತ್ತು ಎಂದುಕೊಂಡೆ. ಅವರು ನನ್ನ ಮುಖ ನೋಡದೆ ಹೇಳಿದರು. ‘ಹೆಸರು ಬರಸಿದ ದಿನ ಸೀದಾ ಮನಿಗೇ ಬಂದಿದ್ದ. ಪುಸ್ತಕ ನನ್ನ ಮುಂದ ಇಟ್ಟು ಅತ್ತ. ಅದೇ ವಾರ ಅಜಿತನ್ನ ನೋಡಾಕ ಪಂಚಶೀಲಾನ ಕಡಿಯವರು ಬರೋರಿದ್ರು. ನಾನೇ ಅಂದೆ, ಲಗ್ನ ಆಗಲಿ, ಆಮ್ಯಾಲ ಶುರು ಮಾಡು. ಗುಳಿಗಿ ಡಬ್ಬಿ ಯಾರರ ನೋಡಿದ್ರ ಈ ಮನಿಗಿ ಹೆಣ್ಣು ಕೊಡಂಗಿಲ್ಲ. ಲಗ್ನ ಆತು. ಪಂಚಶೀಲಾ ಬಸರಾದ್ಲು. ಬಾಣಂತನ ಆಗಲಿ ಅಂದೆ. ನಿನಗ ಹೇಳ್ತೀನಿ ಅಂದ. ಬ್ಯಾಡ, ಆಕಿ ತವರಿಗಿ ಹೇಳ್ತಾಳ ಅಂದೆ. ಅವ ಹೂಂ ಅಂದ. ಯಾವಾಗಲೂ ನನಗ ಹೂಂ ಅಂದವನೇ ಅವ.’

ಅಜಿತ, ‘ಅವ್ವಗಂತೂ ಹೇಳಲೇಬ್ಯಾಡ’ ಎಂದು ಅವರು ಯಾಕೆ ಅಂದರು ಎಂದು ನಾನು ಹತ್ತು ವರ್ಷ ತಪ್ಪು ತಿಳಿದಿದ್ದೆ. ಅವ್ವನ ಎದೆ ಒಡೆದೀತು ಎಂದಲ್ಲ. ನಾನು ಹೋಗಿ ಕೇಳಿದರೆ, ಅವ್ವನಿಗೆ ಮೊದಲೇ ಗೊತ್ತಿತ್ತು ಎಂಬುದು ನನಗೆ ತಿಳಿದೀತು ಎಂದು. ಸಾಯುವಾಗಲೂ ಅವರು ಕಾಪಾಡಿದ್ದು ನಿಮ್ಮ ಅವ್ವನನ್ನು. ನನಗೆ ರೋಗ ಹತ್ತಿದ್ದು ಬಹುಶಃ ಆ ಎರಡು ವರ್ಷದಲ್ಲೇ.

‘ಅದಾದ ಮ್ಯಾಲೂ ಓಣ್ಯಾಗ ನಿಂತು ನನಗ ಹಂಗ್ಯಾಕ ಅಂದ್ರಿ?’ ಎಂದು ಕೇಳಿದೆ.

‘ಯಾರರ ಒಬ್ಬರ ಮ್ಯಾಲ ಹಾಕಬೇಕಿತ್ತು. ಇಲ್ಲಂದ್ರ ನನ್ನ ಮ್ಯಾಲೇ ಬರತಿತ್ತು.’

ಎದ್ದು ಹೋಗ್ರಿ ಎಂದೆ. ಅವರು ಏಳಲಿಲ್ಲ. ಮೊಣಕಾಲು ಹಿಡಿದುಕೊಂಡು ಕೂತೇ ಇದ್ದರು. ನಾನು ಒಳಗೆ ಹೋಗಿ ಉಳಿದ ಪಾತ್ರೆಗಳನ್ನೆಲ್ಲ ತಿಕ್ಕಿದೆ. ತಿಕ್ಕಿದ್ದನ್ನೇ ಮತ್ತೊಮ್ಮೆ ತಿಕ್ಕಿದೆ. ಹೊರಗೆ ಬಂದಾಗಲೂ ಅಲ್ಲೇ ಇದ್ದರು.

‘ಇದನ್ನ ಅಜಿತಗ ಹೇಳಬ್ಯಾಡ. ತನ್ನ ಲಗ್ನದ ಸಲುವಾಗಿ ಅಣ್ಣ ಹೋದ ಅಂತ ತಿಳಿದ್ರ ಮುರದಹೋಗ್ತಾನ. ಮಾತ ಕೊಡು’ ಎಂದು ಕೈ ಚಾಚಿದರು.

ಅಂಥ ಮಾತು ಒಮ್ಮೆ ಕೊಟ್ಟಿದ್ದೇನೆ. ಈ ಸಲ ಕೊಡಲಿಲ್ಲ. ‘ಇವತ್ತೇ ಬರೀತೀನಿ’ ಎಂದು ಅವರಿಗೆ ಹೇಳಿಯೇ ಬರೆಯುತ್ತಿದ್ದೇನೆ. ನೀನು ಮುರಿಯಬೇಡ. ಅಣ್ಣ ಗುಳಿಗೆ ಮುಂದೂಡಲಿ ಎಂದು ನೀನು ಕೇಳಿರಲಿಲ್ಲ, ನಿನಗೆ ಗೊತ್ತೂ ಇರಲಿಲ್ಲ. ಈ ಕಾಗದ ಓದಿದ ದಿನವೂ ಗುಳಿಗೆ ತಪ್ಪಿಸಬೇಡ. ಪಂಚಶೀಲಾಳಿಗೂ ಓದಿಸು.

ನಿಮ್ಮ ಅವ್ವನನ್ನು ನಾನು ಕ್ಷಮಿಸಿಲ್ಲ. ಕ್ಷಮಿಸುತ್ತೇನೋ ಗೊತ್ತಿಲ್ಲ. ಆದರೆ ಅವರಿಗೆ ನಡೆಯಲು ಆಗುತ್ತಿರಲಿಲ್ಲ. ಆಟೋದಲ್ಲಿ ಬಸ್ ಸ್ಟ್ಯಾಂಡಿಗೆ ಕರೆದೊಯ್ದು ಹುಮನಾಬಾದ್ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂಡಿಸಿದೆ. ಅವರ ಚೀಲದಿಂದ ಆಧಾರ್ ಕಾರ್ಡ್ ತೆಗೆದು ಕಂಡಕ್ಟರಿಗೆ ತೋರಿಸಿ, ‘ಕಮಲಾಪುರದಾಗ ಹಗೂರಕ ಇಳಿಸ್ರೀ, ಮೊಣಕಾಲು ಬ್ಯಾನಿ ಅದ’ ಎಂದೆ.

‘ನೀವ್ ಬರಂಗಿಲ್ಲೇನ್ರಿ? ಇವರು ನಿಮಗೇನಾಗಬೇಕು?’ ಎಂದು ಆತ ಕೇಳಿದ.

ನಿಮ್ಮ ಅವ್ವ ಕಿಟಕಿಯ ಆಚೆ ನೋಡುತ್ತಿದ್ದರು. ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಅವರ ಕತ್ತಿನಿಂದಲೇ ತಿಳಿಯುತ್ತಿತ್ತು.

‘ನಮ್ಮ ಅತ್ತಿ’ ಎಂದೆ.

ಸುಮಂಗಲಾ